ಪ್ರಶ್ನೆ ಕೇಳಲೆಂದೇ ಕೂತವರು

2021ರ ಮಾರ್ಚ್‌ಗೆ ಮುಗಿದ ಒಂದು ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು ದಾಖಲಿಸಿಕೊಂಡ ಸಾರ್ವಜನಿಕ ಕಿರುಕುಳದ ಪ್ರಕರಣಗಳು ಸುಮಾರು 20 ಲಕ್ಷ. ಹಿಂದಿನ ವರ್ಷಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಅಂಕಿಯನ್ನಷ್ಟೇ ಓದಿದವರಿಗೆ ಆ ದೇಶದ ಊರೂರಿನಲ್ಲೂ ಪುಂಡರು ಬೀದಿಗಿಳಿದಿದ್ದರು ಅನ್ನಿಸಬೇಕು. ನಿಜದಲ್ಲಿ ಆ ವರ್ಷ ಜನ ಮನೆಯೊಳಗಿದ್ದರು. ಪಕ್ಕದ ಮನೆಗೆ ನೆಂಟರು ಬಂದಿದ್ದಾರೆ, ಪಾರ್ಕಿನಲ್ಲಿ ಹುಡುಗರು ಗುಂಪು ಕಟ್ಟಿಕೊಂಡು ನಿಂತಿದ್ದಾರೆ ಎಂಬಂಥ ಲಾಕ್‌ಡೌನ್ ಉಲ್ಲಂಘನೆಯ ದೂರುಗಳೂ ಅದೇ ಖಾನೆಗೆ ಬಂದು ಬಿದ್ದಿದ್ದವು. ಏರಿಕೆಗೆ ಇದೇ ಕಾರಣವಿರಬೇಕೆಂದು ಅಂಕಿಅಂಶ ಇಲಾಖೆಯೇ ಹೇಳಿತು. ಅದೇ ಅವಧಿಯಲ್ಲಿ ಕಳ್ಳತನ ಇಳಿಯಿತು. ಮನೆತುಂಬ ಜನರಿದ್ದಾಗ ಕನ್ನ ಹಾಕುವವನು ಎಲ್ಲಿಗೆ ಹೋದಾನು? ಇನ್ನು, ಬಾಗಿಲು ಮುಚ್ಚಿದ ಆ ಮನೆಗಳಲ್ಲಿ ಕೆಲವುಗಳೊಳಗೆ ಹೆಂಗಸರು ಹೊಡೆತ ತಿನ್ನುತ್ತಿದ್ದರು. ಗಂಡ ದಿನವಿಡೀ ಎದುರಿಗೇ ಇರುವಾಗ ಫೋನ್ ಎತ್ತಿಕೊಂಡು ಯಾರಿಗಾದರೂ ಹೇಳಿಕೊಳ್ಳುವ ಅವಕಾಶವೂ ಅವರಿಗಿರಲಿಲ್ಲ.

ಇಂಥ ಅಂಕಿಗಳ ಪಟ್ಟಿಯೊಂದು ಊರಿನ ಕೌನ್ಸಿಲ್ ಮುಂದೆ ಬಂತೆನ್ನಿ. ಕಿರುಕುಳ ಏರಿದೆ, ಕಳ್ಳತನ ಇಳಿದಿದೆ, ಮನೆಯೊಳಗಿನ ಹಿಂಸೆಯ ಬಗ್ಗೆ ಪೂರ್ತಿ ಲೆಕ್ಕವೇ ಇಲ್ಲ. ಕೈಯಲ್ಲಿರುವ ಹಣ ಸ್ವಲ್ಪ. ಅದನ್ನು ಎಲ್ಲಿಗೆ ಹಾಕಬೇಕು? ಪಟ್ಟಿಯನ್ನು ನಂಬಿದರೆ ಬೀದಿಗೆ ಕ್ಯಾಮೆರಾ ಹಾಕಿಸಿ ಸುಮ್ಮನಾಗಬಹುದು. ಯಾರಾದರೂ ಎದ್ದು ನಿಂತು, ಈ ಅಂಕಿಯೊಳಗೆ ಏನೇನಿದೆ, ಇದರಿಂದ ಹೊರಗುಳಿದದ್ದು ಏನು ಎಂದು ಕೇಳಿದರೆ ಮಾತ್ರ ತೀರ್ಮಾನ ಬೇರೆಯಾದೀತು. ಇಂಗ್ಲೆಂಡಿನಲ್ಲಿ ಹೀಗೆ ಕೇಳುವುದನ್ನೇ ಒಂದು ಕೆಲಸವನ್ನಾಗಿ ಮಾಡಿ, ಅದಕ್ಕೊಂದು ಸಮಿತಿಯನ್ನು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ಮಹಾಮಾರಿಯ ಕಾಲದಲ್ಲಿ ಆಸ್ಪತ್ರೆ, ಲಸಿಕೆ, ಪ್ರಧಾನಿಗಳ ಸುದ್ದಿಯೇ ಎಲ್ಲೆಡೆ ತುಂಬಿತ್ತಾದ್ದರಿಂದ ಈ ಸಮಿತಿಗಳ ಬಗ್ಗೆ ನಮ್ಮಲ್ಲಿ ಯಾರೂ ಬರೆದದ್ದು ಕಾಣೆ. ನನಗಂತೂ ಇದು ನಾವು ಕಲಿಯಬೇಕಾದ ಪಾಠಗಳಲ್ಲಿ ಮುಖ್ಯವಾದದ್ದು ಅನ್ನಿಸುತ್ತದೆ.

ಮೊದಲಿಗೆ ವ್ಯವಸ್ಥೆ. 2000ನೇ ಇಸವಿಯ ಸ್ಥಳೀಯ ಸರ್ಕಾರ ಕಾಯ್ದೆಗಿಂತ ಮುಂಚೆ ಅಲ್ಲಿನ ಕೌನ್ಸಿಲ್‌ಗಳೂ ನಮ್ಮ ನಗರಸಭೆಗಳಂತೆ ಸ್ಥಾಯಿ ಸಮಿತಿಗಳ ಮೂಲಕ ನಡೆಯುತ್ತಿದ್ದವು. ಆ ಕಾಯ್ದೆ ಕೌನ್ಸಿಲರುಗಳನ್ನು ಎರಡು ಪಾಲು ಮಾಡಿತು. ನಾಯಕ ಅಥವಾ ಮೇಯರ್ ಸೇರಿದಂತೆ ಹೆಚ್ಚೆಂದರೆ ಹತ್ತು ಜನರ ಕ್ಯಾಬಿನೆಟ್ ತೀರ್ಮಾನ ತೆಗೆದುಕೊಳ್ಳುತ್ತದೆ. ಉಳಿದವರಲ್ಲಿ ಪಕ್ಷಗಳ ಬಲಾಬಲಕ್ಕೆ ತಕ್ಕಂತೆ ಆರಿಸಿ ಪರಿಶೀಲನಾ ಸಮಿತಿಗಳನ್ನು ಮಾಡುತ್ತಾರೆ. ಕ್ಯಾಬಿನೆಟ್‌ನಲ್ಲಿರುವವರು ಅಲ್ಲಿ ಕೂರುವಂತಿಲ್ಲ. ಈ ಸಮಿತಿಗೆ ಹಣ ಮಂಜೂರು ಮಾಡುವ ಅಧಿಕಾರವಿಲ್ಲ, ಯಾರನ್ನೂ ವರ್ಗ ಮಾಡಿಸಲಾಗದು, ಆದೇಶ ಹೊರಡಿಸಲಾಗದು. ಕ್ಯಾಬಿನೆಟ್ ಸದಸ್ಯರನ್ನೂ ಅಧಿಕಾರಿಗಳನ್ನೂ ಕರೆಸಬಹುದು, ಕಡತ ಕೇಳಬಹುದು, ಜಾರಿಗೆ ಬಾರದ ತೀರ್ಮಾನವನ್ನು ತಡೆಹಿಡಿದು ಇನ್ನೊಮ್ಮೆ ಯೋಚಿಸಿ ಎಂದು ಹಿಂದಕ್ಕೆ ಕಳಿಸಬಹುದು, ಶಿಫಾರಸು ಬರೆಯಬಹುದು. ಇಷ್ಟೇ. 2011ರ ಕಾಯ್ದೆಯೊಂದು ಅವಕಾಶ ಕೊಟ್ಟ ಮೇಲೆ ಕೆಲವು ಊರುಗಳು ಹಳೆಯ ಸ್ಥಾಯಿ ಸಮಿತಿ ಪದ್ಧತಿಗೆ ಮರಳಿವೆ. ಹೆಚ್ಚಿನವು ಇದರಲ್ಲೇ ಇವೆ.

ಸುರಕ್ಷತೆಯ ವಿಷಯ ಇದರೊಳಗೆ ಬಂದ ಬಗೆ ಸ್ವಾರಸ್ಯವಾಗಿದೆ. 1998ರ ಅಪರಾಧ ಮತ್ತು ಅವ್ಯವಸ್ಥೆ ಕಾಯ್ದೆ, ಊರಿನ ಭದ್ರತೆ ಪೊಲೀಸರೊಬ್ಬರ ತಲೆನೋವಲ್ಲ ಎಂದಿತು. ಕೌನ್ಸಿಲ್, ಪೊಲೀಸ್, ಅಗ್ನಿಶಾಮಕ ದಳ, ಆರೋಗ್ಯ ಸಂಸ್ಥೆ, ಜೈಲಿನಿಂದ ಹೊರಬಂದವರ ಮೇಲೆ ನಿಗಾ ಇಡುವ ಇಲಾಖೆ ಇವೆಲ್ಲ ಒಂದು ಕೂಟವಾಗಿ ಕುಳಿತು ತಮ್ಮ ಪ್ರದೇಶದ ಸುರಕ್ಷತೆಯ ಯೋಜನೆ ಮಾಡಬೇಕು. ಅದೇ ಕಾಯ್ದೆಯ 17ನೇ ಕಲಮಿನ ಪ್ರಕಾರ ಕೌನ್ಸಿಲ್ ತನ್ನ ಯಾವ ಕೆಲಸ ಮಾಡುವಾಗಲೂ, ಪಾರ್ಕ್ ಕಟ್ಟುವಾಗಲೂ ಬೀದಿದೀಪ ಆರಿಸುವಾಗಲೂ, ಅದರಿಂದ ಅಪರಾಧದ ಮೇಲೆ ಏನು ಪರಿಣಾಮ ಎಂದು ಯೋಚಿಸಲೇಬೇಕು. ಕೂಟವೇನೋ ಆಯಿತು, ಕೂಟವನ್ನು ಕೇಳುವವರು ಯಾರು? 2006ರ ಪೊಲೀಸ್ ಮತ್ತು ನ್ಯಾಯ ಕಾಯ್ದೆಯ 19ನೇ ಕಲಮು ಆ ಹೊಣೆಯನ್ನು ಕೌನ್ಸಿಲ್‌ನ ಪರಿಶೀಲನಾ ಸಮಿತಿಗೆ ಕೊಟ್ಟಿತು. ವರ್ಷಕ್ಕೆ ಒಂದು ಸಲವಾದರೂ ಸಮಿತಿ ಈ ವಿಷಯಕ್ಕೆ ಸೇರಬೇಕು. ಮೊದಲೇ ತಿಳಿಸಿ ಕರೆದರೆ ಪೊಲೀಸ್ ಅಧಿಕಾರಿಯೂ ಬಂದು ಕೂತು ಉತ್ತರಿಸಬೇಕು. ಸಮಿತಿ ಕಳಿಸಿದ ಶಿಫಾರಸಿಗೆ 28 ದಿನದೊಳಗೆ, ಅದು ಸಾಧ್ಯವೇ ಇಲ್ಲವಾದರೆ ಆದಷ್ಟು ಬೇಗ, ಲಿಖಿತ ಉತ್ತರ ಹೋಗಬೇಕು.

ವಾರ್ಡಿನಿಂದ ಆರಿಸಿ ಬಂದ ಒಬ್ಬ ಸಾಮಾನ್ಯ ಕೌನ್ಸಿಲರ್, ಆಕೆ ಶಾಲಾ ಶಿಕ್ಷಕಿಯೋ ಬಸ್ ಚಾಲಕಿಯೋ ಆಗಿರಬಹುದು, ಪೊಲೀಸ್ ವರಿಷ್ಠರನ್ನು ಎದುರಿಗೆ ಕೂರಿಸಿಕೊಂಡು, ಜನ ನೋಡುತ್ತಿರುವ ಸಭೆಯಲ್ಲಿ, ನಮ್ಮ ಬೀದಿಗೆ ನಿಮ್ಮವರು ಬರುವುದು ಏಕೆ ನಿಂತಿತು ಎಂದು ಕೇಳುತ್ತಾಳೆ. ಪೊಲೀಸ್ ವ್ಯವಸ್ಥೆ ಪೂರ್ತಿಯಾಗಿ ರಾಜ್ಯದ ಕೈಯಲ್ಲಿರುವ ನಮ್ಮಂಥ ಕಡೆ ಕೂತು ನೋಡಿದರೆ ಇದು ಎಷ್ಟು ದೊಡ್ಡ ಮಾತು ಎಂದು ಗೊತ್ತಾಗುತ್ತದೆ.

ಕೋವಿಡ್ ಬಂದಾಗ ಈ ಸಮಿತಿಗಳ ಮೇಜಿನ ಮೇಲಿದ್ದ ವಿಷಯಗಳೆಲ್ಲ ಒಂದರೊಳಗೊಂದು ಬೆರೆತುಹೋದವು. 2020ರ ಮಾರ್ಚ್ 23ರಂದು ಲಾಕ್‌ಡೌನ್ ಘೋಷಣೆಯಾಯಿತು. ಮೂರೇ ದಿನದಲ್ಲಿ, ಬೀದಿಯಲ್ಲಿ ಮಲಗುವವರನ್ನೆಲ್ಲ ಒಳಗೆ ಕರೆತನ್ನಿ ಎಂದು ಕೌನ್ಸಿಲ್‌ಗಳಿಗೆ ಕೇಂದ್ರದಿಂದ ಸೂಚನೆ ಬಂತು. ಎರಡು ತಿಂಗಳೊಳಗೆ ಸುಮಾರು 15,000 ಜನರಿಗೆ ಹೋಟೆಲ್ ಮತ್ತು ಹಾಸ್ಟೆಲ್‌ಗಳಲ್ಲಿ ತುರ್ತು ನೆಲೆ ಸಿಕ್ಕಿತು. ಹತ್ತಾರು ವರ್ಷಗಳಿಂದ ಆಗದು ಎನ್ನುತ್ತಿದ್ದ ಕೆಲಸ ಅದು. ಹೋಟೆಲುಗಳು ಮತ್ತೆ ಅತಿಥಿಗಳಿಗೆ ಬಾಗಿಲು ತೆರೆದ ದಿನ ಇವರು ಎಲ್ಲಿಗೆ ಹೋಗಬೇಕು? ಇದು ವಸತಿ ಇಲಾಖೆಯ ಪ್ರಶ್ನೆಯೇ, ಆರೋಗ್ಯದ್ದೇ, ಸುರಕ್ಷತೆಯದ್ದೇ? ಮೂರೂ ಹೌದು. ಅದಕ್ಕೇ ಮಹಾಮಾರಿಯ ನಂತರದ ಚೇತರಿಕೆ ಯೋಜನೆಗಳು ಪರಿಶೀಲನಾ ಸಮಿತಿಗಳ ಮುಂದೆ ಬಂದಾಗ, ಸುರಕ್ಷತೆಯನ್ನು ಒಂದು ಬದಿಗೂ ಚೇತರಿಕೆಯನ್ನು ಇನ್ನೊಂದು ಬದಿಗೂ ಇಟ್ಟು ಮಾತಾಡಲು ಆಗಲಿಲ್ಲ. ಶಾಲೆ ತಪ್ಪಿದ ಹುಡುಗ, ಬಾಗಿಲು ಮುಚ್ಚಿದ ಯುವಕೇಂದ್ರ, ಅವನನ್ನು ಮಾದಕ ವಸ್ತು ಸಾಗಿಸಲು ಬಳಸಿಕೊಳ್ಳುವ ಗುಂಪು ಮೂರೂ ಒಂದೇ ಕಥೆಯವು.

ಮನೆಯೊಳಗಿನ ಹಿಂಸೆಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು; ಸಮಿತಿಯ ಬೆಲೆ ಇಲ್ಲೇ ಹೆಚ್ಚು ಕಾಣುತ್ತದೆ. 2021ರ ಜನವರಿಯಲ್ಲಿ ಬ್ರಿಟನ್ ಸರ್ಕಾರ ಔಷಧದ ಅಂಗಡಿಗಳ ಮೂಲಕ ಒಂದು ಏರ್ಪಾಡು ಮಾಡಿತು. ಲಾಕ್‌ಡೌನಿನಲ್ಲೂ ಹೆಣ್ಣುಮಗಳೊಬ್ಬಳು ಅನುಮಾನ ಬಾರದಂತೆ ಹೋಗಬಹುದಾದ ಜಾಗ ಅದು. ಕೌಂಟರಿನಲ್ಲಿ ‘ಆನಿ’ ಎಂದು ಕೇಳಿದರೆ ಸಾಕು, ಅವಳನ್ನು ಒಳಕೋಣೆಗೆ ಕರೆದೊಯ್ದು ಪೊಲೀಸರಿಗೋ ಸಹಾಯವಾಣಿಗೋ ಫೋನ್ ಮಾಡಿಕೊಡುತ್ತಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಮನೆ ಬಿಟ್ಟು ಬಂದವರಿಗೆ ಸುರಕ್ಷಿತ ನೆಲೆಯಲ್ಲಿ ನೆರವು ಕೊಡುವುದನ್ನು ದೊಡ್ಡ ಕೌನ್ಸಿಲ್‌ಗಳ ಕಾನೂನುಬದ್ಧ ಕರ್ತವ್ಯವಾಗಿಸಿತು. ತಾಯಿ ಹೊಡೆತ ತಿನ್ನುವುದನ್ನು ನೋಡುವ, ಕೇಳುವ ಮಗುವನ್ನೂ ಸಂತ್ರಸ್ತರೆಂದೇ ಪರಿಗಣಿಸಬೇಕೆಂದಿತು. ಇದಕ್ಕೂ ಹಿಂದಿನ, 2011ರಿಂದ ಜಾರಿಯಲ್ಲಿರುವ ಇನ್ನೊಂದು ಪದ್ಧತಿಯಿದೆ. 16 ವರ್ಷ ದಾಟಿದ ಯಾರಾದರೂ ಗಂಡನಿಂದಲೋ ಸಂಗಾತಿಯಿಂದಲೋ ಮನೆಯವರಿಂದಲೋ ಕೊಲೆಯಾದರೆ, ಶಿಕ್ಷೆಯ ಕೆಲಸವನ್ನು ನ್ಯಾಯಾಲಯಕ್ಕೆ ಬಿಟ್ಟು, ಸುರಕ್ಷಾ ಕೂಟ ತಾನೇ ಒಂದು ವಿಮರ್ಶೆ ನಡೆಸುತ್ತದೆ. ಸತ್ತವಳು ಹಿಂದೆ ಯಾವ ವೈದ್ಯರಲ್ಲಿಗೆ ಹೋಗಿದ್ದಳು, ಪೊಲೀಸರು ಎಷ್ಟು ಸಲ ಬಾಗಿಲಿಗೆ ಬಂದು ಹೋಗಿದ್ದರು, ಮಗುವಿನ ಶಾಲೆಗೆ ಏನು ಗೊತ್ತಿತ್ತು, ಈ ಮೂವರೂ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಅವಳು ಬದುಕುತ್ತಿದ್ದಳೇ ಎಂದು ಒಂದೊಂದನ್ನೇ ಬಿಡಿಸಿ ಬರೆಯುತ್ತಾರೆ. ಹೆಸರು ಬದಲಿಸಿ ಪ್ರಕಟಿಸುತ್ತಾರೆ. ಓದುವುದು ಕಷ್ಟ, ಓದಲೇಬೇಕಾದ ಬರಹ.

ಆ ವರದಿಯ ಕೊನೆಯಲ್ಲಿ ಶಿಫಾರಸುಗಳಿರುತ್ತವೆ. ಇಲಾಖೆಗಳು ಒಪ್ಪುತ್ತವೆ. ಎರಡು ವರ್ಷದ ನಂತರ ಅವು ಏನಾದವು ಎಂದು ಕೇಳುವವರಿಲ್ಲದಿದ್ದರೆ, ಅದೇ ಶಿಫಾರಸು ಇನ್ನೊಬ್ಬಳ ಸಾವಿನ ವರದಿಯಲ್ಲಿ ಮತ್ತೆ ಬರುತ್ತದೆ. ಪರಿಶೀಲನಾ ಸಮಿತಿ ವರ್ಷಕ್ಕೊಮ್ಮೆಯಾದರೂ ಹಳೆಯ ವರದಿ ತೆಗೆದು, ಇದರ 4ನೇ ಶಿಫಾರಸು ಎಲ್ಲಿಗೆ ಬಂತು ಎಂದು ಕೇಳುವ ಒಣ ಕೆಲಸಕ್ಕೆ ನಾನು ತುಂಬ ಗೌರವ ಕೊಡುತ್ತೇನೆ. ಅದರಲ್ಲಿ ಚಪ್ಪಾಳೆಯಿಲ್ಲ, ಪತ್ರಿಕೆಯಲ್ಲಿ ಫೋಟೊ ಇಲ್ಲ.

ಸಮಿತಿ ಕೇಳದೇ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ರಾಥರ್‌ಹ್ಯಾಮ್ ಸಾಕ್ಷಿ. ಆ ಊರಿನಲ್ಲಿ 1997ರಿಂದ 2013ರವರೆಗೆ, ಕಡಿಮೆಯೆಂದರೂ 1,400 ಮಕ್ಕಳು ಲೈಂಗಿಕ ಶೋಷಣೆಗೆ ಬಲಿಯಾದರೆಂದು ಪ್ರೊಫೆಸರ್ ಅಲೆಕ್ಸಿಸ್ ಜೇ ಅವರ ವರದಿ 2014ರ ಆಗಸ್ಟ್‌ನಲ್ಲಿ ಹೇಳಿತು. ಮುಂದಿನ ಫೆಬ್ರವರಿಯಲ್ಲಿ, ಸರ್ಕಾರ ನೇಮಿಸಿದ ಲೂಯಿಸ್ ಕೇಸಿ ಕೌನ್ಸಿಲ್ಲನ್ನೇ ತಪಾಸಣೆ ಮಾಡಿ ಬರೆದ ವರದಿ ಇನ್ನೂ ಒಳಕ್ಕೆ ಹೋಯಿತು. ಪರಿಶೀಲನೆಯ ವ್ಯವಸ್ಥೆಯನ್ನು ಅಲ್ಲಿ ಬೇಕೆಂದೇ ದುರ್ಬಲಗೊಳಿಸಲಾಗಿತ್ತು, ಅದಕ್ಕೆ ಯಾವ ಬೆಲೆಯೂ ಇರಲಿಲ್ಲ ಎಂಬುದು ಅವರ ಕಂಡುಕೊಳ್ಳುವಿಕೆಗಳಲ್ಲೊಂದು. ಕೇಂದ್ರ ಸರ್ಕಾರ ಕೌನ್ಸಿಲ್‌ನ ಅಧಿಕಾರವನ್ನು ಕಿತ್ತುಕೊಂಡು ಕಮಿಷನರುಗಳನ್ನು ಕೂರಿಸಿತು. ಅದಕ್ಕೂ ಮುಂಚೆ, ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ದುರವಸ್ಥೆಯ ಬಗ್ಗೆ 2013ರಲ್ಲಿ ಬಂದ ಫ್ರಾನ್ಸಿಸ್ ವರದಿಯೂ ಸ್ಥಳೀಯ ಪರಿಶೀಲನಾ ಸಮಿತಿಗಳು ಕಣ್ಣುಮುಚ್ಚಿ ಕೂತಿದ್ದನ್ನು ಎತ್ತಿ ಹೇಳಿತ್ತು.

ಮಹಾಮಾರಿಯ ವರ್ಷದಲ್ಲಿ ಲಂಡನ್ನಿನ ಕ್ರಾಯ್ಡನ್ ಕೌನ್ಸಿಲ್ ಆರ್ಥಿಕವಾಗಿ ಕುಸಿಯಿತು. 2020ರ ನವೆಂಬರ್ 11ರಂದು ಅದರ ಹಣಕಾಸು ಅಧಿಕಾರಿ 114ನೇ ಕಲಮಿನ ನೋಟಿಸ್ ಹೊರಡಿಸಿದರು. ಅಂದರೆ ಕಾನೂನು ಕಡ್ಡಾಯ ಮಾಡಿದ ಸೇವೆಗಳ ಹೊರತು ಹೊಸದಾಗಿ ಒಂದು ಪೈಸೆಯೂ ಖರ್ಚಿಲ್ಲ. ಕೋವಿಡ್ ಖರ್ಚು ಹೊಡೆತ ಕೊಟ್ಟದ್ದು ನಿಜ. ಆದರೆ ಕೆಲವು ವಾರಗಳ ಮುಂಚೆ ಬಂದ ಲೆಕ್ಕಪರಿಶೋಧಕರ ವರದಿ ಹಿಂದಿನ ವರ್ಷಗಳ ಕಡೆ ಬೆರಳು ತೋರಿಸಿತ್ತು. ಮೀಸಲು ಹಣ ಕರಗುತ್ತಿತ್ತು, ಕೌನ್ಸಿಲ್ಲೇ ಹುಟ್ಟುಹಾಕಿದ ಗೃಹನಿರ್ಮಾಣ ಕಂಪನಿಗೆ ಸುಮಾರು 20 ಕೋಟಿ ಪೌಂಡ್ ಸಾಲ ಹೋಗಿತ್ತು, ಗಟ್ಟಿಯಾಗಿ ಪ್ರಶ್ನಿಸಬೇಕಾದವರು ಪ್ರಶ್ನಿಸಿರಲಿಲ್ಲ. ಇಂಥ ಊರಿನಲ್ಲಿ ಚೇತರಿಕೆಯ ಆದ್ಯತೆಗಳ ಚರ್ಚೆಗೆ ಅರ್ಥವೇನು ಉಳಿಯಿತು? ಯುವಕೇಂದ್ರ ಬೇಕೋ ಗ್ರಂಥಾಲಯ ಬೇಕೋ ಎಂದು ಆರಿಸುವ ಹಕ್ಕೇ ಕೈತಪ್ಪಿತು.

ಲಂಡನ್ನಿನದೇ ಇನ್ನೊಂದು ಬರೋ, ಅಂದರೆ ತನ್ನದೇ ಕೌನ್ಸಿಲ್ ಇರುವ ಭಾಗ, ಲ್ಯಾಂಬೆತ್ ಕನ್ನಡಿಗರಿಗೆ ಪರಿಚಿತ. ಥೇಮ್ಸ್ ನದಿಯ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ 2015ರ ನವೆಂಬರ್ 14ರಂದು ಅನಾವರಣಗೊಂಡದ್ದು ಅಲ್ಲಿ. ಅದಕ್ಕಾಗಿ ದುಡಿದ ಕಲಬುರಗಿಯ ಡಾ. ನೀರಜ್ ಪಾಟೀಲ ಅಲ್ಲಿನ ಕೌನ್ಸಿಲರ್ ಆಗಿದ್ದವರು, 2010-11ರಲ್ಲಿ ಮೇಯರ್ ಆಗಿದ್ದವರು. ಆ ಬರೋದ ಪಶ್ಚಿಮದ ಅಂಚಿನಲ್ಲಿ ಕ್ಲಾಪಮ್ ಕಾಮನ್ ಎಂಬ ದೊಡ್ಡ ಬಯಲಿದೆ. 2021ರ ಮಾರ್ಚ್ 3ರ ರಾತ್ರಿ ಆ ಭಾಗದಲ್ಲಿ ಮನೆಗೆ ನಡೆದು ಹೋಗುತ್ತಿದ್ದ 33 ವರ್ಷದ ಹೆಣ್ಣುಮಗಳನ್ನು ಪೊಲೀಸ್ ಸೇವೆಯಲ್ಲಿದ್ದವನೊಬ್ಬ ಅಪಹರಿಸಿ ಕೊಂದ. ಕೋವಿಡ್ ನಿಯಮ ಮುರಿದಿದ್ದೀಯೆಂದು ಸುಳ್ಳು ಹೇಳಿ, ಗುರುತಿನ ಚೀಟಿ ತೋರಿಸಿ, ಕೈಕೋಳ ಹಾಕಿ ಕಾರಿಗೆ ಹತ್ತಿಸಿಕೊಂಡ ಎಂಬುದು ನ್ಯಾಯಾಲಯದ ಮುಂದೆ ಬಂದ ಸಂಗತಿ. ಹತ್ತು ದಿನದ ನಂತರ ಅದೇ ಬಯಲಿನಲ್ಲಿ ದೀಪ ಹಿಡಿದು ಸೇರಿದ ಹೆಂಗಸರನ್ನು ಕೋವಿಡ್ ನಿಯಮದ ಹೆಸರಿನಲ್ಲೇ ಪೊಲೀಸರು ಚದುರಿಸಿದರು. ಆ ಸಭೆಯನ್ನು ಕರೆದಿದ್ದ ಸಂಘಟಕಿಯರ ಹಕ್ಕುಗಳನ್ನು ಪೊಲೀಸರು ಉಲ್ಲಂಘಿಸಿದ್ದರೆಂದು ಮರುವರ್ಷ ಹೈಕೋರ್ಟ್ ತೀರ್ಪು ಕೊಟ್ಟಿತು.

ಸರ್ಕಾರದ ಮೊದಲ ಪ್ರತಿಕ್ರಿಯೆಗಳಲ್ಲೊಂದು, ಸುರಕ್ಷಿತ ಬೀದಿಗಳ ನಿಧಿಯನ್ನು 2 ಕೋಟಿಯಿಂದ ನಾಲ್ಕೂವರೆ ಕೋಟಿ ಪೌಂಡ್‌ಗೆ ಏರಿಸಿದ್ದು: ಬೀದಿದೀಪಕ್ಕೆ, ಕ್ಯಾಮೆರಾಕ್ಕೆ. ದೀಪ ಬೇಕು, ಸಂಶಯವಿಲ್ಲ. ಆದರೆ ಆ ಹೆಣ್ಣುಮಗಳು ಸತ್ತದ್ದು ಕತ್ತಲಿನಿಂದಲ್ಲ, ಪೊಲೀಸನನ್ನು ನಂಬಬೇಕಾದ ಸ್ಥಿತಿಯಿಂದ. ಹಣ ಬಂದ ಕಡೆಗೆ ಆದ್ಯತೆ ಹರಿದುಹೋಗದಂತೆ ತಡೆದು, ನಮ್ಮ ಊರಿನ ಹೆಂಗಸರಿಗೆ ಯಾವ ಹೊತ್ತಿನಲ್ಲಿ ಎಲ್ಲಿ ಭಯ, ಯಾರಿಂದ ಭಯ ಎಂದು ಅವರನ್ನೇ ಕರೆದು ಕೇಳಬೇಕಾದ ಜಾಗ ಪರಿಶೀಲನಾ ಸಮಿತಿ. 2019ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವೇ ಕೊಟ್ಟ ಮಾರ್ಗದರ್ಶಿ, ಜನರ ದನಿಯನ್ನು ದೊಡ್ಡದು ಮಾಡಿ ಕೇಳಿಸುವುದನ್ನು ಈ ಸಮಿತಿಗಳ ಮುಖ್ಯ ಕೆಲಸಗಳಲ್ಲಿ ಒಂದೆಂದು ಹೇಳಿದೆ.

ಕೇಳಲು ಮಾಹಿತಿ ಬೇಕು. ಲೆಸ್ಟರ್ ನಗರಕ್ಕೆ 2020ರ ಜೂನ್ 29ರಂದು ದೇಶದಲ್ಲೇ ಮೊದಲ ಸ್ಥಳೀಯ ಲಾಕ್‌ಡೌನ್ ಬಿತ್ತು. ಭಾರತೀಯ ಮೂಲದವರು ಹೆಚ್ಚಾಗಿ ನೆಲೆಸಿರುವ ಊರು ಅದು. ಯಾವ ಬಡಾವಣೆಯಲ್ಲಿ ಸೋಂಕು ಏರುತ್ತಿದೆ ಎಂಬ ವಿವರ ತಮಗೆ ವಾರಗಟ್ಟಲೆ ಸಿಗಲೇ ಇಲ್ಲ ಎಂದು ಮೇಯರ್ ಪೀಟರ್ ಸೋಲ್ಸ್‌ಬಿ ಬಹಿರಂಗವಾಗಿ ದೂರಿದರು. ಮಾಹಿತಿ ಊರಿನ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ: ಆಗಸ್ಟ್‌ನಲ್ಲಿ ಬ್ಲ್ಯಾಕ್‌ಬರ್ನ್ ವಿತ್ ಡಾರ್ವೆನ್ ಕೌನ್ಸಿಲ್, ರಾಷ್ಟ್ರೀಯ ಕಾಲ್ ಸೆಂಟರಿಗೆ ಸಿಗದ ಸೋಂಕಿತರನ್ನು ತನ್ನದೇ ಸಿಬ್ಬಂದಿಯಿಂದ ಹುಡುಕಿಸತೊಡಗಿತು. ಊರಿನ ನಂಬರಿನಿಂದ ಫೋನ್ ಬಂದರೆ ಜನ ಎತ್ತುತ್ತಾರೆ. ಎತ್ತದಿದ್ದರೆ ಬಾಗಿಲು ತಟ್ಟಬಹುದು.

ನಮ್ಮ ಕಡೆ ಬರೋಣ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆರು ವಾರದೊಳಗೆ ಚುನಾವಣೆ ನಡೆಸಿ ಎಂದು ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2021ರ ಏಪ್ರಿಲ್-ಮೇ ತಿಂಗಳಲ್ಲಿ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ, ಚಿತಾಗಾರದ ಮುಂದೆ ಸರದಿಗಾಗಿ ಜನ ಒದ್ದಾಡಿದಾಗ ಕೌನ್ಸಿಲ್ ಸಭಾಂಗಣದಲ್ಲಿ ಚುನಾಯಿತರು ಯಾರೂ ಇರಲಿಲ್ಲ. ಆಡಳಿತಾಧಿಕಾರಿ ಇದ್ದರು, ಸಚಿವರಿದ್ದರು, ವಾರ್ ರೂಮ್ ಇತ್ತು. ವಾರ್ಡಿನ ಪರವಾಗಿ ನಿಂತು ಲೆಕ್ಕ ಕೇಳುವ ಕುರ್ಚಿ ಖಾಲಿಯಿತ್ತು. ಚುನಾವಣೆ ನಡೆಯುವ ಮುಂಚೆಯೇ 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾದವು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿಯೂ 2021ರಲ್ಲಿ ಮುಗಿಯಿತು. ಅಲ್ಲೂ ಹೊಸಬರನ್ನು ಆರಿಸುವುದು ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಇದಕ್ಕೆ ಹೊರತಾದದ್ದು ಗ್ರಾಮ ಪಂಚಾಯಿತಿ. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ನಡುವೆಯೇ, 5,700ಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಎರಡನೇ ಅಲೆಯಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಕಾರ್ಯಪಡೆಯಲ್ಲಿ ಕೂತು ಊರಿನ ಕಷ್ಟಕ್ಕೆ ಉತ್ತರ ಕೊಟ್ಟವರು ಆಗಷ್ಟೇ ಗೆದ್ದು ಬಂದಿದ್ದ ಸದಸ್ಯರು. ಚುನಾವಣೆ ಮಾಡಲು ಸಾಧ್ಯವಿರಲಿಲ್ಲ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ನಮಗೆ ಕೇಳುವ ಪದ್ಧತಿಗಳೇ ಇಲ್ಲವೆಂದಲ್ಲ. ಪಂಚಾಯಿತಿಯ ಲೆಕ್ಕವನ್ನು ಜನರ ಮುಂದಿಡುವ ಜಮಾಬಂದಿ ಇದೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಿದೆ, ಹಿಂದಿನ ಸಭೆಯ ಅನುಪಾಲನಾ ವರದಿ ಓದುವ ರೂಢಿಯಿದೆ. ಮಕ್ಕಳ ಗ್ರಾಮಸಭೆಯಿದೆ; ಶಾಲೆಯ ದಾರಿಯಲ್ಲಿ ಕತ್ತಲು, ಬಸ್ ನಿಲ್ದಾಣದಲ್ಲಿ ಕುಡುಕರ ಕಾಟ ಎಂದು ಹುಡುಗಿಯರು ಎದ್ದು ಹೇಳುವುದು ಅಲ್ಲಿ. ಆದರೆ ಬೀದಿದೀಪ ಪಾಲಿಕೆಯದು, ಠಾಣೆ ರಾಜ್ಯದ್ದು, ಮದ್ಯದಂಗಡಿಯ ಪರವಾನಗಿ ಅಬಕಾರಿ ಇಲಾಖೆಯದು. ಮೂರನ್ನೂ ಒಂದೇ ಮೇಜಿಗೆ ಕರೆದು ಕೂರಿಸುವ ಕಾನೂನುಬದ್ಧ ಹಕ್ಕು ವಾರ್ಡಿನಿಂದ ಆರಿಸಿಬಂದ ಯಾರಿಗೂ ಇಲ್ಲ.

ಬೆಂಗಳೂರಿನ ಹೊಸ ಪಾಲಿಕೆಗಳ ವಾರ್ಡ್ ಸಮಿತಿಗಳಿಂದ ಇದನ್ನು ಶುರುಮಾಡಬಹುದು. ಮೂರು ತಿಂಗಳಿಗೊಮ್ಮೆ ಆ ಭಾಗದ ಇನ್‌ಸ್ಪೆಕ್ಟರ್, ಆರೋಗ್ಯಾಧಿಕಾರಿ ಮತ್ತು ವಿದ್ಯುತ್ ವಿಭಾಗದ ಎಂಜಿನಿಯರ್ ಒಟ್ಟಿಗೆ ಬಂದು ಸಮಿತಿಯ ಮುಂದೆ ಕೂರಬೇಕು, ಕೇಳಿದ್ದಕ್ಕೆ 28 ದಿನದೊಳಗೆ ಬರೆದು ಉತ್ತರಿಸಬೇಕು, ಆ ಉತ್ತರ ವಾರ್ಡ್ ಕಚೇರಿಯ ಫಲಕಕ್ಕೆ ಬೀಳಬೇಕು. ಹೊಸ ಕಟ್ಟಡ, ಹೊಸ ಅನುದಾನ, ಹೊಸ ಹುದ್ದೆ ಯಾವುದೂ ಇದಕ್ಕೆ ಬೇಕಿಲ್ಲ. ನಿಯಮಾವಳಿಯಲ್ಲಿ ಅರ್ಧ ಪುಟ ಸಾಕು.